ಹಿಟ್ಟಿನ ಕೋಳಿ, ಕಾಣದ ಕನಸು

ಬೆಟ್ಟ ಹತ್ತಿ ಬರುವ ಭಕ್ತಾದಿಗಳಲ್ಲಿ ಹರಕೆ ತೀರಿಸುವವರು ಉಂಟು, ಮಕ್ಕಳ ಮುಡಿ ಕೊಡುವವರು ಉಂಟು, ಏನೂ ಬೇಡದೆ ಸುಮ್ಮನೆ ದರ್ಶನ ಮಾಡಿ ಹೋಗುವ ಪುಣ್ಯವಂತರೂ ಉಂಟು. ಇವರ ನಡುವೆ ಇನ್ನೊಂದು ಬಗೆಯವರು ಸಿಗುತ್ತಾರೆ. "ನಮಗೆ ಯಾರೋ ಮಾಟ ಮಾಡಿಸವ್ರೆ ಸ್ವಾಮಿ, ಏನಾದರೂ ದಾರಿ ತೋರಿಸಿ" ಅಂತ ಅಳುಕುತ್ತಾ ಬರುವವರು. ಹೊಸಿಲ ಮುಂದೆ ಮೊಳೆ ಹೊಡೆದ ನಿಂಬೆಹಣ್ಣು ಸಿಕ್ಕಿತು, ಮೂರು ದಾರಿ ಕೂಡುವ ಕಡೆ ಕುಂಕುಮ ಕಲಸಿದ ಅನ್ನ ತುಳಿದೆವು, ಅಂದಿನಿಂದ ಎಮ್ಮೆ ಹಾಲು ಕೊಡುತ್ತಿಲ್ಲ, ಮಗಳಿಗೆ ಬಂದ ಸಂಬಂಧ ಮುರಿದುಹೋಯಿತು. ಹೀಗೆ ಹೇಳುವಾಗ ಅವರ ಕೈ ನಿಜವಾಗಿಯೂ ನಡುಗುತ್ತಿರುತ್ತದೆ. ಅದನ್ನು ಕಂಡು ನಗುವುದು ಸರಿಯಲ್ಲ.

ಈ ದಿಗಿಲು ಇಂದು ನಿನ್ನೆಯದಲ್ಲ. ನಮ್ಮ ಹಿಂದಿನ ಕವಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1112ರಲ್ಲಿ ಮುಳುಗುಂದದ ನಯಸೇನ 'ಧರ್ಮಾಮೃತ'ವನ್ನು ಬರೆದ. ಅದೇ ಶತಮಾನದ ಬ್ರಹ್ಮಶಿವ 'ಸಮಯಪರೀಕ್ಷೆ'ಯಲ್ಲಿ ಜನರ ಕುರುಡು ನಂಬಿಕೆಗಳನ್ನು ಲೇವಡಿ ಮಾಡಿದ, ಪರಮತದ ಮೇಲಿನ ಸಿಟ್ಟೂ ಅದರಲ್ಲಿ ಬೆರೆತಿದೆ ಎನ್ನಬೇಕು. ಶರಣರು ಒಳ್ಳೆ ದಿನ ಕೆಟ್ಟ ದಿನವೆಂಬ ಲೆಕ್ಕವನ್ನೇ ಪಕ್ಕಕ್ಕಿಟ್ಟರು. ಆದರೆ ಭಯ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದವನು ಹೊಯ್ಸಳರ ಕಾಲದ ಜನ್ನ. ಅವನ 'ಯಶೋಧರ ಚರಿತೆ' 1209ರದು. ಕಥೆ ಹೀಗಿದೆ.

ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ. ಒಂದು ರಾತ್ರಿ ಆನೆಯ ಮಾವುತನೊಬ್ಬ ಹಾಡುವುದನ್ನು ಕೇಳಿ ರಾಣಿಯ ಮನಸ್ಸು ಅವನ ಕಡೆ ಹೋಯಿತು. ಅವನು ನೋಡಲು ಕುರೂಪಿ, ಅಂಗಾಂಗ ಸೊಟ್ಟ. ಆದರೂ ಹೋದ ಮನಸ್ಸು ಹಿಂದಕ್ಕೆ ಬರಲಿಲ್ಲ. ಅರಸ ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ, ಕತ್ತಿ ಎತ್ತಿದ, ಎತ್ತಿದ ಕೈಯನ್ನು ತಾನೇ ತಡೆದುಕೊಂಡ. ಬೆಳಗಾಯಿತು. ಮಗನ ಮುಖ ಬಾಡಿದ್ದನ್ನು ತಾಯಿ ಚಂದ್ರಮತಿ ನೋಡಿದಳು. ಏನಪ್ಪಾ ಎಂದು ಕೇಳಿದಳು. ಹೆಂಡತಿಯ ಸಂಗತಿಯನ್ನು ಹೆತ್ತವಳ ಮುಂದೆ ಹೇಳುವುದು ಹೇಗೆ? ಒಂದು ಕೆಟ್ಟ ಕನಸು ಬಿತ್ತು ಅಂದುಬಿಟ್ಟ.

ಇಲ್ಲಿ ಓದುವವರು ಸ್ವಲ್ಪ ನಿಲ್ಲಬೇಕು. ಕನಸು ಬಿದ್ದೇ ಇರಲಿಲ್ಲ. ನಾಚಿಕೆಗೆ ಹೊದಿಸಿದ ಮುಸುಕು ಅದು. ಆದರೆ ತಾಯಿ ಹೆದರಿದಳು, ಅವಳ ಹೆದರಿಕೆ ಮಾತ್ರ ನಿಜವಾದದ್ದು. ದುಃಸ್ವಪ್ನಕ್ಕೆ ಶಾಂತಿಯಾಗಬೇಕು, ದೇವಿಗೆ ಪ್ರಾಣಿಬಲಿ ಕೊಡೋಣ ಎಂದು ಹಟ ಹಿಡಿದಳು. ಯಶೋಧರ ಒಪ್ಪಲಿಲ್ಲ. ಜೀವ ತೆಗೆಯಲಾರೆ ಎಂದ. ಕೊನೆಗೆ ಇಬ್ಬರೂ ನಡುವಿನ ದಾರಿ ಹಿಡಿದರು: ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನೇ ಕಡಿಯುವುದು. ಬಣ್ಣ ಬಳಿದ ಆ ಕೋಳಿ ಎಷ್ಟು ಚೆಂದವಿತ್ತೆಂದರೆ ಅದರೊಳಗೆ ಒಂದು ಬೇತಾಳ ಬಂದು ಸೇರಿಕೊಂಡಿತು. ಅರಸ ಕತ್ತಿ ಬೀಸಿದ. ಹಿಟ್ಟಿನ ಕೋಳಿ ಕೂಗಿತು.

ಮೂಢನಂಬಿಕೆ ಬೇಡವೆನ್ನುವ ಕಥೆಯಲ್ಲೇ ಬೇತಾಳ ಬಂತಲ್ಲ ಎಂದು ಕೇಳುವವರಿದ್ದಾರೆ. ಬರಲಿ ಬಿಡಿ. ಜನ್ನನ ಗುರಿ ಬೇರೆ. ಸತ್ತದ್ದು ಹಿಟ್ಟಾದರೂ ಕೊಲ್ಲಬೇಕೆಂದು ಕೈ ಎತ್ತಿದ್ದು ನಿಜ, ಆ ಸಂಕಲ್ಪವೇ ಹಿಂಸೆ ಎನ್ನುವ ಜೈನ ಧರ್ಮದ ಮಾತು ಅದು.

ಮುಂದೇನಾಯಿತು? ಶಾಂತಿ ಮುಗಿಯಿತು, ಕನಸಿನ ದೋಷ ಕಳೆಯಿತು ಎಂದು ತಾಯಿ ನಂಬಿದಳು. ಅರಮನೆಯೊಳಗಿದ್ದ ನಿಜವಾದ ಕೇಡು ಹಾಗೇ ಇತ್ತು. ಅಮೃತಮತಿ ಊಟಕ್ಕೆ ಕರೆದು ತಾಯಿ ಮಗ ಇಬ್ಬರಿಗೂ ವಿಷವಿಕ್ಕಿದಳು. ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ, ಕೊನೆಗೆ ಕೋಳಿಗಳಾಗಿ ಅವರು ಜನ್ಮಜನ್ಮ ಸುತ್ತಿದರು. ಆಮೇಲೆ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರಾಗಿ ಹುಟ್ಟಿದರು. ಮಾರಿದತ್ತನೆಂಬ ದೊರೆ ಚಂಡಮಾರಿಗೆ ನರಬಲಿ ಕೊಡಲು ಹಿಡಿದು ತರಿಸಿದ್ದು ಇವರನ್ನೇ. ಕತ್ತಿಯ ಮುಂದೆ ನಿಂತ ಎಳೆಯರು ಹೆದರದೆ ಈ ಕಥೆಯನ್ನೆಲ್ಲ ಹೇಳಿದರು. ಮಾರಿದತ್ತ ಬಲಿಯನ್ನೇ ಬಿಟ್ಟ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೆ ಮೂಲ ಇದೇ ಕಥೆ.

ಸಂಕಟ ಒಂದು ಕಡೆ, ಪರಿಹಾರ ಇನ್ನೊಂದು ಕಡೆ. ಎಂಟು ನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ಮನೆಗಳಿಗೂ ಹೊಂದುತ್ತದೆ. ಬೀದರ, ಕಲಬುರಗಿ ಸೀಮೆಯಲ್ಲಿ ಭಾನಾಮತಿ ಎಂದರೆ ಗೊತ್ತಿಲ್ಲದವರಿಲ್ಲ. ಮನೆಯ ಮೇಲೆ ಕಲ್ಲು ಬೀಳುತ್ತದೆ, ಗೂಟದ ಮೇಲಿನ ಬಟ್ಟೆಗೆ ಬೆಂಕಿ ಹತ್ತುತ್ತದೆ, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುತ್ತಾರೆ ಎಂದು ಹೇಳುತ್ತಾರೆ. ಬೊಗಳುವ ಹೆಣ್ಣುಮಗಳು ನಾಟಕ ಆಡುತ್ತಿಲ್ಲ. ಬಾಯಿಬಿಟ್ಟು ಹೇಳಲಾಗದ ನೋವು ಮೈಯ ಮೂಲಕ ಹೊರಗೆ ಬರುತ್ತದೆ ಎನ್ನುತ್ತಾರೆ ಮನೋವೈದ್ಯರು. ಅತ್ತೆಮನೆಯಲ್ಲಿ ಅವಳಿಗೆ ಏನಾಗಿದೆ ಎಂದು ಯಾರೂ ಕೇಳುವುದಿಲ್ಲ, ಮಾಡಿಸಿದವರು ಯಾರು ಅಂತ ಹುಡುಕುತ್ತಾರೆ. ಸಿಕ್ಕಿಬೀಳುವವರು ಬಹಳ ಸಲ ಬಡವರು, ದಿಕ್ಕಿಲ್ಲದ ಮುದುಕಿಯರು, ಹೊಲದ ತಕರಾರಿದ್ದವರು. ಮಂತ್ರ ಹೇಳಲು ಬಾರದಂತಾಗಲಿ ಎಂದು ಅಂಥವರ ಹಲ್ಲು ಕಿತ್ತ ಕ್ರೌರ್ಯವೂ ಆ ಭಾಗದಲ್ಲಿ ನಡೆದಿದೆ.

ಇನ್ನು ರಕ್ತ ಸುರಿಸುವ ನಿಂಬೆಹಣ್ಣಿನ ಗುಟ್ಟು ಬಹಳ ಸಣ್ಣದು. ದಾಸವಾಳದ ಎಸಳನ್ನು ಚಾಕುವಿಗೆ ಉಜ್ಜಿ ಒಣಗಿಸಿ ನಿಂಬೆಹಣ್ಣು ಕೊಯ್ದರೆ ರಸ ಕೆಂಪಗೆ ಹರಿಯುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿ ಆರತಿಗೆ ಓಕುಳಿ ಮಾಡುವ ನಮ್ಮ ತಾಯಂದಿರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಆದರೆ ಓಕುಳಿ ಮಾಡುವಾಗ ಯಾರೂ ಸಾವಿರಗಟ್ಟಲೆ ದುಡ್ಡು ಕೇಳುವುದಿಲ್ಲ!

ಕರ್ನಾಟಕದಲ್ಲಿ ವಾಮಾಚಾರದ ವಿರುದ್ಧ 2017ರಲ್ಲಿ ಕಾಯಿದೆ ಆಯಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ಇನ್ನು ಪೂಜೆ ಮಾಡುವ ಹಾಗೂ ಇಲ್ಲವಂತೆ ಎಂದು ಗಾಬರಿಪಟ್ಟ ಭಕ್ತರು ಎಷ್ಟೋ ಮಂದಿ. ಹಾಗೇನೂ ಇಲ್ಲ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಪ್ರವಚನ ಇವನ್ನು ಕಾಯಿದೆಯೇ ಹೊರಗಿಟ್ಟಿದೆ. ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ನಿಧಿಗಾಗಿ ವಾಮಾಚಾರ ಮಾಡುವುದು, ಮುಟ್ಟಾದವರನ್ನು ಊರ ಹೊರಗೆ ಇಡುವುದು, ಹಾವು ಕಚ್ಚಿದವರಿಗೆ ಔಷಧ ತಪ್ಪಿಸಿ ಮಂತ್ರ ಹಾಕುವುದು, ಇಂಥವು ಅಪರಾಧ. ಒಂದರಿಂದ ಏಳು ವರ್ಷದವರೆಗೆ ಸಜೆ ಉಂಟು.

ಹಾವಿನ ವಿಷಯವನ್ನು ಯಾತ್ರಿಕರು ಮುಖ್ಯವಾಗಿ ತಿಳಿದಿರಬೇಕು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಮಂತ್ರದಿಂದ ವಿಷ ಇಳಿದದ್ದನ್ನು ಕಣ್ಣಾರೆ ಕಂಡೆವು ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ನಾಗರಹಾವೂ ಒಮ್ಮೊಮ್ಮೆ ವಿಷ ಬಿಡದೆ ಬರೀ ಕಚ್ಚಿ ಹೋಗುತ್ತದೆ. ಅಂಥವರು ಬೇವಿನ ಸೊಪ್ಪು ಸವರಿದರೂ ಬದುಕುತ್ತಾರೆ, ಸವರದಿದ್ದರೂ ಬದುಕುತ್ತಾರೆ. ಹೆಸರು ಮಾತ್ರ ಮಂತ್ರ ಹಾಕಿದವನಿಗೆ. ನಿಜವಾಗಿ ವಿಷ ಏರಿದ ಮಗುವನ್ನು ಅದೇ ಮನೆಗೆ ಹೊತ್ತುಕೊಂಡು ಹೋದಾಗ ಕಳೆಯುವ ಒಂದೆರಡು ಗಂಟೆಯಲ್ಲೇ ಪ್ರಾಣ ಹೋಗುತ್ತದೆ.

ರಾತ್ರಿ ನೆಲದ ಮೇಲೆ ಮಲಗುವವರು ಕಟ್ಟುಹಾವಿನ ಬಗ್ಗೆ ಎಚ್ಚರವಾಗಿರಬೇಕು. ಅದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರ ಕಣ್ಣೆವೆ ಜೋತುಬಿದ್ದರೆ, ಮಾತು ತೊದಲಿದರೆ, ಗಾಳಿ ಸೋಕಿದೆ ಎಂದು ದೃಷ್ಟಿ ತೆಗೆಯುತ್ತಾ ಕೂರಬಾರದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದ ಹಾಗೆ ಇರಿಸಿ, ನಡೆಸದೆ ಎತ್ತಿಕೊಂಡು ಕೆಳಗಿಳಿಸಿ, 108ಕ್ಕೆ ಫೋನು ಮಾಡಿ, ಪ್ರತಿವಿಷದ ಔಷಧ ಇರುವ ಆಸ್ಪತ್ರೆಗೆ ಸೇರಿಸಬೇಕು. ಜೊತೆಗೆ ಹೋಗುವವರು ದಾರಿಯಲ್ಲಿ ದೇವರ ನಾಮ ಹೇಳಿಕೊಳ್ಳಲಿ, ಅದಕ್ಕೆ ಯಾವ ಡಾಕ್ಟರೂ ಬೇಡ ಎನ್ನುವುದಿಲ್ಲ. ಗುಣವಾದ ಮೇಲೆ ಸನ್ನಿಧಿಗೆ ಬಂದು ಹರಕೆ ತೀರಿಸಬಹುದು.