ವಿದ್ಯಾರ್ಥಿಗೆ ಆಶ್ರಯ: ನಿಬಂಧನೆ ಎಲ್ಲಿರಬೇಕು?

ವಿದ್ಯಾರ್ಜನೆಗಾಗಿ ಮನೆಯನ್ನು ಬಿಟ್ಟು ಪರಸ್ಥಳಕ್ಕೆ ಹೋದ ತರುಣನಿಗೆ ಮನೆಯ ಅಡುಗೆ, ಮನೆಯ ಆಚಾರ, ಮನೆಯ ಹಿರಿಯರ ಕಣ್ಣು ಇವೆಲ್ಲವೂ ಒಮ್ಮೆಗೇ ದೂರವಾಗುತ್ತವೆ. ಈ ಕೊರತೆಯನ್ನು ತುಂಬಿಕೊಡುವುದು ಅವನ ಸಮಾಜದ ಕರ್ತವ್ಯವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ತುಂಬಿಕೊಡುವಾಗ ಅವನಿಂದ ಪ್ರತಿಯಾಗಿ ಏನನ್ನಾದರೂ ಅಪೇಕ್ಷಿಸುವುದು ನ್ಯಾಯವೇ? ಆಚಾರವನ್ನು ಬಿಟ್ಟವನಿಗೂ ಅನ್ನವುಂಟೇ? ಹಿರಿಯರ ಅಭಿಪ್ರಾಯವನ್ನು ಒಪ್ಪದವನಿಗೂ ಆಶ್ರಯವುಂಟೇ? ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಚಿಕ್ಕ ಯೆಹೂದಿ ಸಮಾಜವು ಈ ಪ್ರಶ್ನೆಗಳನ್ನು ಬಹುಕಾಲದಿಂದ ಎದುರಿಸುತ್ತ ಬಂದಿದೆ. ಅದರ ಅನುಭವವು ವಿಚಾರಾರ್ಹವಾದುದು.

ಆ ನಗರದಲ್ಲಿ ಯೆಹೂದಿಗಳ ಇತಿಹಾಸವು ವಿಶ್ವವಿದ್ಯಾಲಯದಷ್ಟೇ ಹಳೆಯದು. 12 ಮತ್ತು 13ನೆಯ ಶತಮಾನಗಳಲ್ಲಿ ಅವರು ಈಗಿನ ಸೇಂಟ್ ಆಲ್ಡೇಟ್ಸ್ ಬೀದಿಯ ಆಸುಪಾಸಿನಲ್ಲಿ ನೆಲೆಸಿದ್ದರು. ವಿದ್ಯಾರ್ಥಿಗಳಿಗೆ ಮನೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒತ್ತೆಯ ಮೇಲೆ ಸಾಲವನ್ನೂ ಕೊಡುತ್ತಿದ್ದರು. 1244ರಲ್ಲಿ ವಿದ್ಯಾರ್ಥಿಗಳು ಅವರ ಮನೆಗಳ ಮೇಲೆ ದಾಳಿ ಮಾಡಿದರು. 1248ರಲ್ಲಿ ಅರಸ ಮೂರನೆಯ ಹೆನ್ರಿಯು ವಿದ್ಯಾರ್ಥಿಗಳ ಸಾಲಕ್ಕೆ ಪೌಂಡಿಗೆ ವಾರಕ್ಕೆ ಎರಡು ಪೆನ್ನಿಗಿಂತ ಹೆಚ್ಚು ಬಡ್ಡಿ ಕೂಡದೆಂದು ವಿಧಿಸಿದನು. ಆಗ ಪೌಂಡಿಗೆ 240 ಪೆನ್ನಿ. ಲೆಕ್ಕ ಹಾಕಿದರೆ ಮಿತಿಗೊಳಿಸಿದ ಈ ಬಡ್ಡಿಯೇ ವರ್ಷಕ್ಕೆ ನೂರಕ್ಕೆ 43ನ್ನು ಮೀರುತ್ತದೆ. ಇದನ್ನು ಕಂಡು ಸಾಲ ಕೊಟ್ಟವನನ್ನು ಮಾತ್ರ ದೂಷಿಸುವುದು ಸುಲಭ. ಆದರೆ ಯೆಹೂದಿಗಳಿಗೆ ಬೇರೆ ಬಹುತೇಕ ಉದ್ಯೋಗಗಳ ಬಾಗಿಲು ಮುಚ್ಚಿತ್ತು. ಅರಸರು ಅವರ ಮೇಲೆ ತಮಗೆ ತೋಚಿದಂತೆ ತೆರಿಗೆ ಹೇರಿ, ಆ ಬಡ್ಡಿಯ ದೊಡ್ಡ ಪಾಲನ್ನು ತಾವೇ ಸೆಳೆದುಕೊಳ್ಳುತ್ತಿದ್ದರು. ಕಡೆಗೆ 1290ರಲ್ಲಿ ಒಂದನೆಯ ಎಡ್ವರ್ಡನು ಎಲ್ಲ ಯೆಹೂದಿಗಳನ್ನೂ ದೇಶದಿಂದ ಹೊರಗೆ ಹಾಕಿದನು. ಆಕ್ಸ್‌ಫರ್ಡಿನಲ್ಲಿ ಅವರ ಸ್ಮಶಾನವಿದ್ದ ಸ್ಥಳದಲ್ಲಿ ಇಂದು ವಿಶ್ವವಿದ್ಯಾಲಯದ ಸಸ್ಯೋದ್ಯಾನವಿದೆ.

1656ರಲ್ಲಿ ಯೆಹೂದಿಗಳು ಇಂಗ್ಲೆಂಡಿನಲ್ಲಿ ಪುನಃ ನೆಲೆಸಲು ಅವಕಾಶವಾಯಿತು. ಆದರೂ ವಿಶ್ವವಿದ್ಯಾಲಯದ ಬಾಗಿಲು ಮುಂದೆ ಎರಡು ಶತಮಾನಗಳವರೆಗೆ ಅವರಿಗೆ ತೆರೆಯಲಿಲ್ಲ. ಆಕ್ಸ್‌ಫರ್ಡಿಗೆ ಸೇರುವಾಗಲೇ ಆಂಗ್ಲಿಕನ್ ಚರ್ಚಿನ 39 ಸೂತ್ರಗಳಿಗೆ ಸಹಿ ಮಾಡಬೇಕಾಗಿತ್ತು. ಕೇಂಬ್ರಿಜ್‌ನಲ್ಲಿ ಓದಲು ಅಡ್ಡಿಯಿರಲಿಲ್ಲ, ಪದವಿಗೆ ಮಾತ್ರ ಸಹಿ ಬೇಕಿತ್ತು. ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಎಂಬ ಯೆಹೂದಿ ತರುಣನು 1837ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ದ್ವಿತೀಯ ಸ್ಥಾನ ಪಡೆದನು. ಸಹಿ ಮಾಡಲೊಪ್ಪದೆ ಪದವಿಯಿಲ್ಲದೆ ಹೊರಬಂದನು. 1869ರಲ್ಲಿ ನ್ಯೂಮಾ ಹಾರ್ಟಾಗ್ ಎಂಬವನು ಅದೇ ಪರೀಕ್ಷೆಯಲ್ಲಿ ಪ್ರಥಮನಾದನು. ಆ ವೇಳೆಗೆ ಪದವಿಯ ನಿರ್ಬಂಧ ಹೋಗಿದ್ದರೂ, ಕಾಲೇಜಿನ ಫೆಲೋ ಸ್ಥಾನಕ್ಕೆ ಧರ್ಮದ ನಿಬಂಧನೆ ಉಳಿದೇ ಇತ್ತು. ಅವನು ಪ್ರಭುಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. 1871ರ ಜೂನ್ ತಿಂಗಳಲ್ಲಿ ಧಾರ್ಮಿಕ ಪರೀಕ್ಷೆಗಳನ್ನು ರದ್ದುಪಡಿಸುವ ಕಾಯಿದೆ ಜಾರಿಗೆ ಬಂದಿತು. ಅದೇ ತಿಂಗಳಲ್ಲಿ, ಅದರ ಫಲವನ್ನು ಉಣ್ಣುವ ಮೊದಲೇ, ಹಾರ್ಟಾಗನು 25ನೆಯ ವಯಸ್ಸಿನಲ್ಲಿ ಸಿಡುಬಿಗೆ ತುತ್ತಾದನು. ಸಿಲ್ವೆಸ್ಟರನು 1883ರಲ್ಲಿ, ತನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕನಾದನು.

ಈ ಇಬ್ಬರ ಬುದ್ಧಿಯಲ್ಲಿ ಕೊರತೆಯೇನೂ ಇರಲಿಲ್ಲ. ಮೊದಲು ಒಪ್ಪಿಗೆ, ಆಮೇಲೆ ಪದವಿ ಎಂಬ ನಿಬಂಧನೆಯೊಂದೇ ಅವರನ್ನು ಹೊರಗಿಟ್ಟಿತು. ಇದನ್ನು ಅನುಭವಿಸಿದ ಸಮಾಜವು ತನ್ನ ಮಕ್ಕಳಿಗೆ ಆಶ್ರಯ ಕೊಡುವಾಗ ಯಾವ ನಿಬಂಧನೆ ಹಾಕುತ್ತದೆ ಎಂಬುದನ್ನು ನೋಡಬೇಕು.

ಧರ್ಮನಿಷ್ಠನಾದ ಯೆಹೂದಿ ವಿದ್ಯಾರ್ಥಿಯ ದಿನಚರಿ ಸುಲಭವಾದುದಲ್ಲ. ಮಾಂಸ ಮತ್ತು ಹಾಲನ್ನು ಕೂಡಿಸಬಾರದು; ಅವುಗಳ ಪಾತ್ರೆಗಳೂ ಬೇರೆಯಾಗಿರಬೇಕು. ಆದುದರಿಂದ ಕಾಲೇಜಿನ ಸಾಮಾನ್ಯ ಭೋಜನಶಾಲೆಯಲ್ಲಿ ಅವನು ಉಣ್ಣಬಹುದಾದುದು ಅತ್ಯಲ್ಪ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್. ಆಗ ಬರೆಯುವಂತಿಲ್ಲ, ದೀಪದ ಗುಂಡಿ ಒತ್ತುವಂತಿಲ್ಲ. ವಿದ್ಯುತ್ತಿನ ಬೀಗವಿರುವ ಬಾಗಿಲು ಕೂಡ ಅವನಿಗೆ ಸಮಸ್ಯೆಯೇ. ಶನಿವಾರ ಪರೀಕ್ಷೆ ಬಿದ್ದರೆ ಬೇರೆ ಏರ್ಪಾಡಿಗಾಗಿ ಮೊದಲೇ ಬಿನ್ನವಿಸಿಕೊಳ್ಳಬೇಕು. ಸಾಂಪ್ರದಾಯಿಕ ರೀತಿಯ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಬೇಕು. ಚಿಕ್ಕ ಊರಿನಲ್ಲಿ ಹತ್ತನೆಯವನಿಗಾಗಿ ಕಾಯುವ ಒಂಬತ್ತು ಜನರ ಕಷ್ಟ ಅನುಭವಿಸಿದವರಿಗೇ ಗೊತ್ತು.

ಈ ಅಗತ್ಯಗಳನ್ನು ಪೂರೈಸಲು ಹಲವು ಏರ್ಪಾಡುಗಳಿವೆ. ವಿಶ್ವವಿದ್ಯಾಲಯದ ಯೆಹೂದಿ ವಿದ್ಯಾರ್ಥಿ ಸಂಘವು ಬಹುಕಾಲದಿಂದ ಇದೆ. ವಿದ್ಯಾರ್ಥಿಗಳ ಯೋಗಕ್ಷೇಮಕ್ಕಾಗಿ ನಿಯುಕ್ತರಾದ ಧರ್ಮೋಪದೇಶಕ ದಂಪತಿಗಳೂ, ಚಬಾದ್ ಎಂಬ ಪಂಥದ ಕುಟುಂಬವೂ ಶುಕ್ರವಾರದ ಭೋಜನಕ್ಕೆ ಮನೆಯ ಬಾಗಿಲು ತೆರೆದಿಡುತ್ತಾರೆ. ಊರಿನ ಯೆಹೂದಿ ಸಭೆಯು 1842ರಲ್ಲಿ ಪುನಃ ಸ್ಥಾಪಿತವಾಯಿತು. ಜೆರಿಕೊ ಬಡಾವಣೆಯಲ್ಲಿರುವ ಅದರ ಮಂದಿರದಲ್ಲಿ ಒಂದು ವಿಶೇಷವಿದೆ. ಸಾಂಪ್ರದಾಯಿಕರು, ಸುಧಾರಣಾವಾದಿಗಳು, ಇವರಿಬ್ಬರ ನಡುವಿನ ಮಾರ್ಗದವರು ಬೇರೆ ಬೇರೆಯಾಗಿ ಪ್ರಾರ್ಥನೆ ಮಾಡುತ್ತಾರೆ; ಸಂಸ್ಥೆ ಮಾತ್ರ ಒಂದೇ, ಸೂರು ಒಂದೇ. ಅನ್ಯತ್ರ ಈ ಪಂಗಡಗಳಿಗೆ ಪ್ರತ್ಯೇಕ ಮಂದಿರಗಳಿರುವುದೇ ರೂಢಿ.

ಈಗ ಕಠಿಣವಾದ ಪ್ರಸಂಗಗಳಿಗೆ ಬರಬೇಕು. ತಂದೆ ಯೆಹೂದಿ, ತಾಯಿ ಅನ್ಯಧರ್ಮೀಯಳು ಆಗಿರುವ ವಿದ್ಯಾರ್ಥಿಯೊಬ್ಬನು ಬಂದನೆಂದು ಭಾವಿಸೋಣ. ಸಾಂಪ್ರದಾಯಿಕ ಶಾಸ್ತ್ರದ ಪ್ರಕಾರ ಯೆಹೂದಿತ್ವವು ತಾಯಿಯಿಂದ ಬರುವುದು. ಆದ್ದರಿಂದ ಆ ಹತ್ತು ಮಂದಿಯಲ್ಲಿ ಅವನು ಎಣಿಕೆಗೆ ಬರುವುದಿಲ್ಲ. ಅವನಿಗೆ ಇದು ನೋವಿನ ಮಾತು. ಆದರೆ ಶುಕ್ರವಾರದ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಈ ಎಣಿಕೆ ಬೇಕಾಗಿಲ್ಲ. ಆ ಭೋಜನಕ್ಕೂ ಕಟ್ಟುನಿಟ್ಟಾದ ನಿಯಮವಿದೆ. ಅದು ಅಡುಗೆಯ ಮೇಲಿದೆ, ಅತಿಥಿಯ ಮೇಲಿಲ್ಲ. ಅಡುಗೆ ಶಾಸ್ತ್ರೋಕ್ತವಾಗಿದ್ದರೆ ಅತ್ಯಂತ ನಿಷ್ಠಾವಂತನೂ ಅಲ್ಲಿ ನಿಶ್ಚಿಂತನಾಗಿ ಉಣ್ಣಬಹುದು, ಏನನ್ನೂ ಪಾಲಿಸದವನೂ ಅವನ ಪಕ್ಕದಲ್ಲಿ ಕುಳಿತುಣ್ಣಬಹುದು. ಆತಿಥೇಯನು ತನ್ನ ಮೇಲೆ ನಿಯಮ ಹಾಕಿಕೊಂಡುದರಿಂದಲೇ ಎಲ್ಲರಿಗೂ ಸ್ಥಳವಾಯಿತು. ಆಚಾರದಲ್ಲಿ ಸಡಿಲಿಕೆ ತಂದರೆ ಮಾತ್ರ ಔದಾರ್ಯ ಸಾಧ್ಯವೆಂಬ ಭಾವನೆ ಇಲ್ಲಿ ಸುಳ್ಳಾಗುತ್ತದೆ.

ಎರಡನೆಯ ಪ್ರಸಂಗ ಇನ್ನೂ ತೀಕ್ಷ್ಣವಾದುದು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿ ಮತ್ತು ಅನಂತರ ಗಾಜಾದಲ್ಲಿ ನಡೆದ ಯುದ್ಧದಿಂದ ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಕ್ಷೋಭೆಗೊಂಡವು. 2024ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿಯೂ ಪ್ರತಿಭಟನೆಯ ಡೇರೆಗಳೆದ್ದವು. ಯೆಹೂದಿ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಗುರುತನ್ನು ತೋರಿಸಿಕೊಳ್ಳಲು ಅಂಜಿದರು. ಕೆಲವರು ಅದೇ ಪ್ರತಿಭಟನೆಯ ಪಕ್ಷದಲ್ಲಿ ನಿಂತರು. ಇಂಥ ಸಮಯದಲ್ಲಿ ಸಮಾಜದ ಪಂಕ್ತಿಯು ಯಾರದು? ಹೆದರಿದವನಿಗೆ ಅಲ್ಲಿ ಅಭಯ ದೊರೆಯಬೇಕಾದುದು ಸಹಜ. ಭಿನ್ನಮತದವನನ್ನು ಹೊರಗೆ ನಿಲ್ಲಿಸಿದರೆ ಏನಾಗುತ್ತದೆ? ಅವನು ಅಭಿಪ್ರಾಯವನ್ನು ಬಿಡುವುದಿಲ್ಲ, ಸಮಾಜವನ್ನು ಬಿಡುತ್ತಾನೆ. ಅಥವಾ ಅನ್ನಕ್ಕಾಗಿ ಒಪ್ಪಿದಂತೆ ನಟಿಸುತ್ತಾನೆ. ಸಿಲ್ವೆಸ್ಟರನು ಹಾಗೆ ನಟಿಸದೆ ಇದ್ದುದಕ್ಕಾಗಿಯೇ ಇಂದು ಗೌರವಿಸಲ್ಪಡುತ್ತಾನೆ. ಪಂಕ್ತಿಯಲ್ಲಿ ಕುಳಿತವನು ಇನ್ನೊಬ್ಬನನ್ನು ಅವಮಾನಿಸಬಾರದೆಂದು ವಿಧಿಸುವ ಹಕ್ಕು ಸಮಾಜಕ್ಕಿದೆ. ಅವನ ಅಂತರಂಗವನ್ನು ಪರೀಕ್ಷಿಸಿ ಎಲೆ ಹಾಕುವ ಹಕ್ಕು ಅದಕ್ಕಿಲ್ಲ.

ತನ್ನವರಿಗೆ ಮೊದಲು ಸಹಾಯ ಮಾಡುವುದು ಪಕ್ಷಪಾತವಲ್ಲವೇ ಎಂಬ ಆಕ್ಷೇಪಣೆಯೂ ಉಂಟು. 12ನೆಯ ಶತಮಾನದ ಯೆಹೂದಿ ಶಾಸ್ತ್ರಕಾರನೂ ವೈದ್ಯನೂ ಆದ ಮೈಮೊನಿಡೀಸನು ದಾನಕ್ಕೆ ಕ್ರಮ ಹೇಳಿದ್ದಾನೆ: ಮೊದಲು ಬಂಧುಗಳು, ಬಳಿಕ ಊರಿನವರು, ಬಳಿಕ ಹೊರಗಿನವರು. ಅನ್ಯಧರ್ಮದ ಬಡವರನ್ನೂ ಶಾಂತಿಗಾಗಿ ಪೋಷಿಸಬೇಕೆಂಬುದೂ ಆ ಶಾಸ್ತ್ರದಲ್ಲಿದೆ. ಸಮೀಪದವನ ಹಸಿವು ಮೊದಲು ಕಾಣುತ್ತದೆ. ಅಲ್ಲಿಂದ ಆರಂಭಿಸುವುದು ತಪ್ಪಲ್ಲ, ಅಲ್ಲಿಯೇ ನಿಲ್ಲುವುದು ತಪ್ಪು. ಗ್ಲಾಸ್ಗೋ ನಗರದಲ್ಲಿ ಜನಿಸಿದ ಐಸಾಕ್ ವುಲ್ಫ್‌ಸನ್ ಎಂಬ ಯೆಹೂದಿ ವರ್ತಕನು 1955ರಲ್ಲಿ ದತ್ತಿಯೊಂದನ್ನು ಸ್ಥಾಪಿಸಿದನು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡರಲ್ಲಿಯೂ ಅವನ ಹೆಸರಿನ ಕಾಲೇಜುಗಳಿವೆ. ಅವು ಎಲ್ಲ ಮತದವರಿಗೂ ತೆರೆದಿವೆ. ಆಕ್ಸ್‌ಫರ್ಡಿನ ವುಲ್ಫ್‌ಸನ್ ಕಾಲೇಜಿನ ಭೋಜನಶಾಲೆಯಲ್ಲಿ ಅಧ್ಯಾಪಕರಿಗೆಂದು ಪ್ರತ್ಯೇಕವಾದ ಉನ್ನತ ಪಂಕ್ತಿಯೂ ಇಲ್ಲ. ಯಾರ ಪೂರ್ವಜರಿಗೆ ಬಾಗಿಲು ಮುಚ್ಚಿತ್ತೋ ಅವರಲ್ಲಿ ಒಬ್ಬನು ಎಲ್ಲರಿಗಾಗಿ ಬಾಗಿಲು ಮಾಡಿಸಿದನು.

ಪರಾಶ್ರಯದಿಂದ ವಿದ್ಯಾರ್ಥಿಯು ದುರ್ಬಲನಾಗುವುದಿಲ್ಲವೇ ಎಂಬುದು ಮತ್ತೊಂದು ಆಕ್ಷೇಪಣೆ. ಇದಕ್ಕೆ ಮೈಮೊನಿಡೀಸನ ಜೀವನವೇ ಉತ್ತರ. ಅವನ ತಮ್ಮ ಡೇವಿಡನು ರತ್ನವ್ಯಾಪಾರಿ. ಅಣ್ಣನು ಚಿಂತೆಯಿಲ್ಲದೆ ಓದಲೆಂದು ದುಡಿದವನು. ವ್ಯಾಪಾರಕ್ಕೆ ಹೊರಟ ಡೇವಿಡನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಮೃತನಾದನು. ಕುಟುಂಬದ ಹಣವೂ ಇತರರ ಹಣವೂ ಅವನೊಡನೆ ಹೋದವು. ಶೋಕದಿಂದ ಅಣ್ಣನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದನು. ಬಳಿಕ ವಿದ್ಯೆಯನ್ನು ಮಾರಿಕೊಳ್ಳಲಾರೆನೆಂದು ವೈದ್ಯವೃತ್ತಿಯಿಂದ ಜೀವನ ಸಾಗಿಸಿದನು. ಮುಂದೆ ದಾನದ ಎಂಟು ಮೆಟ್ಟಿಲುಗಳನ್ನು ಹೇಳುವಾಗ ಅವನು ಅತ್ಯುನ್ನತ ಸ್ಥಾನವನ್ನು ಕೊಟ್ಟುದು ಸಾಲ, ಪಾಲುದಾರಿಕೆ ಅಥವಾ ಉದ್ಯೋಗದಿಂದ ಒಬ್ಬನು ಮತ್ತೆ ಕೈಯೊಡ್ಡದಂತೆ ಮಾಡುವುದಕ್ಕೆ. ಕೊಟ್ಟವನೂ ಪಡೆದವನೂ ಪರಸ್ಪರ ಅರಿಯದ ಗುಪ್ತದಾನ ಕೂಡ ಅದರ ಕೆಳಗಿನದು. ತಮ್ಮನ ಆಶ್ರಯವು ಅಣ್ಣನನ್ನು ದುರ್ಬಲಗೊಳಿಸಲಿಲ್ಲ. ಅದು ನಿಂತುಹೋದ ದಿನ ಅವನು ತನ್ನ ಕಾಲ ಮೇಲೆ ನಿಲ್ಲಬಲ್ಲವನಾಗಿದ್ದನು.

ವಿದ್ಯಾರ್ಥಿಗೆ ಊಟ, ವಸತಿ, ವೇತನ ನೀಡುವ ಎಲ್ಲ ದತ್ತಿಗಳ ಆಡಳಿತಗಾರರೂ ಯೋಚಿಸಬೇಕಾದ ವಿಷಯವಿದು. ಪೂಜೆಗೆ ನಿಯಮವಿರಲಿ, ಅಡುಗೆಗೆ ನಿಯಮವಿರಲಿ, ಲೆಕ್ಕಪತ್ರಕ್ಕೂ ನಿಯಮವಿರಲಿ. ಅವೆಲ್ಲವೂ ಕೊಡುವವರ ಮೇಲಿನ ಭಾರ. ಪಡೆಯುವ ತರುಣನ ಮುಂದೆ ಸಹಿಗಾಗಿ ಕಾಗದವನ್ನು ಚಾಚುವ ಮೊದಲು, ಅಂಥ ಕಾಗದದ ಮುಂದೆ ಹಿಂದೆ ಯಾರು ಯಾರು ನಿಂತಿದ್ದರೆಂಬುದನ್ನು ಒಮ್ಮೆ ನೆನೆಯುವುದು ಒಳಿತು.