ಹಿಮ ತಡೆದ ಸಮಾವೇಶ

ಮಾತು ನಡೆದದ್ದು ತಲಕಾಡಿನ ಕಾವೇರಿ ದಂಡೆಯಲ್ಲಿ. ಒಬ್ಬರು ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಅವರ ತಂಗಿಯ ಮಗಳು ಅಮೆರಿಕದ ಮೇರಿಲ್ಯಾಂಡಿನಲ್ಲಿ ಶಾಲಾ ಹುಡುಗಿಯರಿಗೆ ಲಕ್ರಾಸ್ ಕಲಿಸುವ ಕೋಚ್. ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಎಸೆಯುವ ಆಟ ಅದು. ಮೂರನೆಯವರು ತೆಪ್ಪದಣ್ಣ. ಅಂದು ಗಿರಾಕಿ ಇರಲಿಲ್ಲ, ಹಾಗಾಗಿ ಮಾತಿಗೆ ಸಿಕ್ಕರು.

ಕೋಚ್: 2016ರ ಜನವರಿ, ಮಾವ. ಬಾಲ್ಟಿಮೋರಿನಲ್ಲಿ ಲಕ್ರಾಸ್ ಕೋಚುಗಳ ದೊಡ್ಡ ಸಮಾವೇಶ. ರಜೆ ಹಾಕಿ, ದುಡ್ಡು ಕಟ್ಟಿ ಹೋದೆ. ಶುಕ್ರವಾರ ಮಧ್ಯಾಹ್ನ ಹಿಡಿದ ಹಿಮ ಶನಿವಾರ ರಾತ್ರಿಯವರೆಗೂ ಬಿಡಲಿಲ್ಲ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಅಳೆದದ್ದು 29 ಇಂಚಿಗೂ ಹೆಚ್ಚು. ಹೋಟೆಲಿನಿಂದ ಆಚೆ ಕಾಲಿಡುವಂತಿರಲಿಲ್ಲ. ಕೇಳಬೇಕೆಂದು ಗುರುತು ಹಾಕಿಕೊಂಡಿದ್ದ ಉಪನ್ಯಾಸಗಳಲ್ಲಿ ಮುಕ್ಕಾಲು ಪಾಲು ಕೈತಪ್ಪಿತು. ಆ ಸಮಾವೇಶಕ್ಕೆ ಹೋಗಿದ್ದೆ ಅನ್ನಲೋ, ಹೋಗಲಾಗಲಿಲ್ಲ ಅನ್ನಲೋ, ಇವತ್ತಿಗೂ ಗೊತ್ತಿಲ್ಲ.

ಮೇಷ್ಟ್ರು: ನಿಮ್ಮತ್ತೆಯನ್ನು ಕೇಳು. ಇಲ್ಲಿಯ ಪಂಚಲಿಂಗ ದರ್ಶನ ಎಂದರೆ ವರ್ಷಾವರ್ಷ ಬರುವ ಜಾತ್ರೆಯಲ್ಲ. ಕಾರ್ತಿಕದ ಅಮಾವಾಸ್ಯೆ ಸೋಮವಾರ ಬೀಳಬೇಕು, ನಕ್ಷತ್ರವೂ ಯೋಗವೂ ಕೂಡಬೇಕು. 1993 ಆದಮೇಲೆ 2006ರವರೆಗೆ ಕಾದೆವು. ಆಮೇಲೆ 2009, 2013. ಮತ್ತೆ ಬಂದದ್ದು 2020ರ ಡಿಸೆಂಬರ್ 14ಕ್ಕೆ. ಆಗ ಕೊರೊನಾ. ಜನರಿಗೆ ಮಿತಿ ಹಾಕಿದರು, ಉಳಿದವರಿಗೆ ನೇರಪ್ರಸಾರ. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ, ಮುಡುಕುತೊರೆ ಮಲ್ಲಿಕಾರ್ಜುನ, ಐದಕ್ಕೂ ಅವಳು ಮನೆಯಲ್ಲೇ ಕೈಮುಗಿದಳು. ದರ್ಶನ ಆಯಿತು ಅಂತಲೇ ಇವತ್ತಿಗೂ ಹೇಳುತ್ತಾಳೆ.

ಕೋಚ್: ದೇವರು ಪರದೆಯಲ್ಲೂ ಕಾಣಬಹುದು ಮಾವ, ಆಟ ಹಾಗಲ್ಲ. ಚೆಂಡನ್ನು ಬಲೆಯಲ್ಲಿ ತೊಟ್ಟಿಲು ತೂಗಿದಂತೆ ತೂಗಬೇಕು, ಬಿಗಿ ಹಿಡಿದರೆ ಸಿಡಿದುಹೋಗುತ್ತದೆ. ಅದನ್ನು ಪರದೆಯಲ್ಲಿ ನೋಡಿದರೆ ಕೈಗೆ ಬರುವುದಿಲ್ಲ.

ಮೇಷ್ಟ್ರು: ಸರಿ. ಹಾಗಾದರೆ ಆ ಎರಡು ದಿನ ಹೋಟೆಲಿನಲ್ಲಿ ಏನು ಮಾಡಿದಿರಿ?

ಕೋಚ್: (ನಕ್ಕು) ಅದೇ ತಮಾಷೆ. ಸಿಕ್ಕಿಬಿದ್ದ ಕೋಚುಗಳೆಲ್ಲ ಕೆಳಗಿನ ಹಜಾರದಲ್ಲಿ ಸೇರಿದೆವು. ಕಾಗದದ ಮೇಲೆ ಗೆರೆ ಎಳೆದು, ರಕ್ಷಣೆ ಹೇಗೆ ಕಟ್ಟಬೇಕು ಅಂತ ಜಗಳವಾಡಿದೆವು. ನ್ಯೂಯಾರ್ಕ್ ಕಡೆಯ ಒಬ್ಬ ಹಿರಿಯರು ಕೋಲು ಹಿಡಿಯುವ ಬಗೆ ತೋರಿಸಿದರು. ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಮೇಷ್ಟ್ರು: ಅಲ್ಲಿಗೆ ಸಮಾವೇಶ ನಡೆಯಿತು! ಪಟ್ಟಿಯನ್ನು ಹಿಮ ಅಳಿಸಿತು, ಕೂಟವನ್ನಲ್ಲ.

ಕೋಚ್: ಅಷ್ಟು ಬೇಗ ಸಮಾಧಾನ ಹೇಳಬೇಡಿ. ಹಾಗಿದ್ದರೆ ಪಟ್ಟಿ ಯಾಕೆ ಬೇಕು, ದುಡ್ಡು ಯಾಕೆ ಬೇಕು? ಎಲ್ಲರೂ ಒಂದು ಹಜಾರದಲ್ಲಿ ಕೂತರಾಗದೇ?

ಮೇಷ್ಟ್ರು: ಪಟ್ಟಿ ಇಲ್ಲದಿದ್ದರೆ ಆ ಹಜಾರಕ್ಕೆ ಯಾರೂ ಬರುತ್ತಿರಲಿಲ್ಲ ಕಣೇ. ಎಲ್ಲರೂ ಒಪ್ಪಿದ ಒಂದು ದಿನ ಬೇಕು. ಆ ದಿನ ಜನರನ್ನು ಮನೆಯಿಂದ ಹೊರಡಿಸಿದರೆ ಅರ್ಧ ಕೆಲಸ ಮುಗಿಯಿತು. ಅದಿರಲಿ, ಈ ಆಟ ಯಾರದ್ದು? ಇಂಗ್ಲಿಷರದ್ದೇ?

ಕೋಚ್: ಅಲ್ಲ, ಅಮೆರಿಕದ ಮೂಲನಿವಾಸಿಗಳದ್ದು. ಹ್ಯೂರಾನರು ಕಾಯಿಲೆ ವಾಸಿಯಾಗಲೆಂದು ಆಡುತ್ತಿದ್ದರು ಅಂತ ಬ್ರೆಬ್ಯೂಫ್ ಎಂಬ ಫ್ರೆಂಚ್ ಪಾದ್ರಿ 1636ರಲ್ಲೇ ಬರೆದಿದ್ದಾನೆ. ಒಬ್ಬ ರೋಗಿಗಾಗಿ ಊರೂರು ಸೇರಿ ಆಡುವುದು. ಕೆಲವೊಮ್ಮೆ ಅವರ ವೈದ್ಯ, ಇಡೀ ನಾಡಿಗೇ ಕಾಯಿಲೆ ಬಂದಿದೆ, ಆಟ ಆಡಿಸಿ ಅನ್ನುತ್ತಿದ್ದನಂತೆ. ಇರೊಕ್ವಾಯ್ ಜನರಿಗೆ ಇವತ್ತಿಗೂ ಅದು ಸೃಷ್ಟಿಕರ್ತನ ಆಟ, ಮದ್ದಿನ ಆಟ.

ಮೇಷ್ಟ್ರು: (ಎದ್ದು ಕೂತು) ಇಲ್ಲಿಯ ಕತೆ ಮರೆತೆಯಾ? ತಲ, ಕಾಡ ಅಂತ ಇಬ್ಬರು ಬೇಡರು ಮರಕ್ಕೆ ಕೊಡಲಿ ಹಾಕಿದರು, ಮರದಿಂದ ರಕ್ತ ಬಂತು. ಅದೇ ಮರದ ಎಲೆ, ಕಾಯಿ ಅರೆದು ಗಾಯಕ್ಕೆ ಹಚ್ಚಿ ಅಂತ ಅಶರೀರವಾಣಿಯಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವ, ಅದಕ್ಕೇ ವೈದ್ಯನಾಥ. ಒಂದು ನಾಡು ತನಗೆ ಕಾಯಿಲೆ ಅಂದುಕೊಂಡು ಸೇರುವುದೇ ದೊಡ್ಡ ಮಾತು. ನಿಮ್ಮ ಸಮಾವೇಶಕ್ಕೆ ಯಾವ ಕಾಯಿಲೆ ಇತ್ತು?

ಕೋಚ್: ಸಮಾವೇಶಕ್ಕಲ್ಲ, ಆಟಕ್ಕೇ ಇತ್ತು. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಲಕ್ರಾಸ್ ವಿಶ್ವ ಚಾಂಪಿಯನ್‌ಷಿಪ್. ಇರೊಕ್ವಾಯ್ ತಂಡ ತಮ್ಮದೇ ರಾಷ್ಟ್ರದ ಪಾಸ್‌ಪೋರ್ಟ್ ಹಿಡಿದು ಹೊರಟಿತು. ಬ್ರಿಟನ್ ಅದನ್ನು ಒಪ್ಪಲಿಲ್ಲ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ಹೋಗಲು ತಂಡವೂ ಒಪ್ಪಲಿಲ್ಲ. ಆಟ ಕೊಟ್ಟವರನ್ನು ಬಿಟ್ಟೇ ಪಂದ್ಯಾವಳಿ ಮುಗಿಯಿತು. ಅವತ್ತು ಯಾವ ಹಿಮವೂ ಬಿದ್ದಿರಲಿಲ್ಲ.

ಮೇಷ್ಟ್ರು: ನೋಡು, ನಾನು ಹೇಳಬೇಕೆಂದಿದ್ದೂ ಅದೇ. ಹಿಮ ನಿಂತದ್ದು ಎಲ್ಲರ ದಾರಿಗೂ ಅಡ್ಡ. ಕಾಗದ ನಿಂತದ್ದು ಒಬ್ಬರ ದಾರಿಗೆ. ಮೊದಲನೆಯದು ಅಡಚಣೆ, ಎರಡನೆಯದು ಅನ್ಯಾಯ. ಮಳೆ, ಮರಳು, ಹಿಮ ಇವಕ್ಕೆ ಪಕ್ಷಪಾತವಿಲ್ಲ.

ಕೋಚ್: ಮರಳಿಗೆ ಇಲ್ಲವೇ? ಗಂಗರ ರಾಜಧಾನಿಯಾಗಿದ್ದ ಈ ತಲಕಾಡು ಮರಳಿನಲ್ಲಿ ಮುಚ್ಚಿಹೋದದ್ದು ಅಲಮೇಲಮ್ಮನ ಶಾಪದಿಂದ ಅಂತ ಚಿಕ್ಕವಳಾಗಿದ್ದಾಗ ನೀವೇ ಹೇಳಿದ್ದು.

ಮೇಷ್ಟ್ರು: ಕತೆ ಹೇಳಿದ್ದೆ. ಭೂವಿಜ್ಞಾನದವರು ಬೇರೆ ಹೇಳುತ್ತಾರೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟೆ ಆಯಿತು. ನದಿಯ ಹರಿವು ಬದಲಾಗಿ ದಂಡೆಯ ಮರಳು ಬಯಲಾಯಿತು, ಮುಂಗಾರಿನ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯಿತು ಅಂತ.

ಕೋಚ್: ಅಂದರೆ ಗಾಳಿಗೆ ಮರಳು ಒದಗಿಸಿದ್ದು ಮನುಷ್ಯರೇ. ಕಟ್ಟೆಯಿಂದ ಗದ್ದೆಗೆ ನೀರು ಬಂತು, ಮನೆ ಬಿಟ್ಟು ಹೋದವರು ಈ ಊರಿನವರು. ಪಕ್ಷಪಾತ ಇಲ್ಲ ಅನ್ನುವುದು ಹೇಗೆ? ಬಾಲ್ಟಿಮೋರಿನದ್ದೂ ಕೇಳಿ. ನಾವು ಹಜಾರದಲ್ಲಿ ಆಟದ ಮಾತಾಡುತ್ತಿದ್ದಾಗ ನಮಗೆ ಕಾಫಿ ಕೊಡುತ್ತಿದ್ದ ಹೆಂಗಸು ಮನೆಗೆ ಹೋಗಿರಲಿಲ್ಲ. ಬಸ್ಸಿಲ್ಲ. ಮಕ್ಕಳು ಪಕ್ಕದ ಮನೆಯಲ್ಲಿ. ನಮಗೆ ಅದು ಅಪರೂಪದ ಕೂಟ, ಅವಳಿಗೆ ಮುಗಿಯದ ಪಾಳಿ. ಒಂದೇ ಹಿಮ.

(ಮೇಷ್ಟ್ರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಕೊಡಬಾರದು ಕೂಡ.)

ತೆಪ್ಪದಣ್ಣ: ನಾನೊಂದ್ ಮಾತು ಹೇಳ್ಲಾ ಮೇಷ್ಟ್ರೇ?

ಮೇಷ್ಟ್ರು: ಹೇಳಪ್ಪ.

ತೆಪ್ಪದಣ್ಣ: 2019ರ ಆಗಸ್ಟಲ್ಲಿ ಕಬಿನಿ ತುಂಬಿ ಬಂತಲ್ಲ, ನಂಜನಗೂಡಲ್ಲಿ ರಸ್ತೆಗೇ ನೀರು. ಆ ನೀರು ನರಸೀಪುರದ ಸಂಗಮದಲ್ಲಿ ಕಾವೇರಿ ಸೇರಿ ನಮ್ ತಾವ ಬತ್ತದ. ಡ್ಯಾಮಲ್ಲಿ ನೀರ್ ಬಿಟ್ರು ಅಂದ್ರೆ ತೆಪ್ಪ ಮೇಲಕ್ ಎಳದು ಬೋರಲು ಹಾಕದೇ. ಹೆದ್ರುಕ ಅಂತ ಯಾರೂ ಅನ್ನಲ್ಲ. ನಿಲ್ಸೋದು ತಪ್ಪಲ್ಲ. ಆದ್ರೆ ನಿಲ್ಸದೋರು ಸಂಬಳದೋರು, ನಿಂತೋರು ದಿನಗೂಲಿಯೋರು.

ಕೋಚ್: ಪಂಚಲಿಂಗದಲ್ಲಿ ಜನ ಕಡಿಮೆ ಮಾಡಿದಾಗ?

ತೆಪ್ಪದಣ್ಣ: ಏಳು ವರ್ಷ ಕಾದಿದ್ದು ಭಕ್ತರು ಮಾತ್ರಾನಾ ಅವ್ವ? ಹೂ ಮಾರೋಳು, ಪುರಿ ಬತ್ತಾಸು ಹಾಕೋನು, ನಾನು, ಎಲ್ಲಾ ಕಾದಿದ್ದೋ. ಟಿವಿಲಿ ದರ್ಶನ ಆಯ್ತದ. ಟಿವಿಲಿ ತೆಪ್ಪ ಹತ್ತಕ್ಕಾಯ್ತದಾ?

ಮೇಷ್ಟ್ರು: ಆಗ ಬೇರೆ ದಾರಿ ಇರಲಿಲ್ಲವಲ್ಲಪ್ಪ. ಜೀವದ ಪ್ರಶ್ನೆ.

ತೆಪ್ಪದಣ್ಣ: ಇರ್ಲಿಲ್ಲ, ಒಪ್ತೀನಿ. ನಂಗೂ ಜೀವದ ಆಸೆ ಅದ. ದರ್ಶನ ಆಯ್ತಾ ಇಲ್ವಾ, ಸಭೆ ಆಯ್ತಾ ಇಲ್ವಾ ಅಂತ ಇಬ್ರೂ ಆಗ್ಲಿಂದ ಕೇಳ್ತಾ ಇದ್ದೀರಿ. ನಿಂತೋಗಿದ್ದರ ಲುಕ್ಸಾನು ಯಾರ ತಲೆ ಮೇಲೆ ಬಿತ್ತು ಅಂತ ಕೇಳ್ಲಿಲ್ಲ.

ಕೋಚ್: ನಮಗೆ ಸಿಕ್ಕ ಕೂಟದ ಲೆಕ್ಕದಲ್ಲಿ ಆ ಹೆಂಗಸಿನ ಪಾಳಿಯನ್ನೂ ಸೇರಿಸಬೇಕು ಅಂತ ಅಲ್ಲವೇ?

ತೆಪ್ಪದಣ್ಣ: ನಂಗ್ ಅಷ್ಟೆಲ್ಲಾ ಗೊತ್ತಿಲ್ಲ ಕನವ್ವ.

ಮೇಷ್ಟ್ರು: ಗೊತ್ತಿಲ್ಲ ಅಂತಲೇ ನಮ್ಮಿಬ್ಬರ ವಾದ ಕೆಡವಿದೆ. ಆಯಿತು, ಪಕ್ಷಪಾತವಿಲ್ಲ ಅಂದ ಮಾತು ವಾಪಸ್ಸು. ಹಿಮಕ್ಕೆ ಇಲ್ಲದಿರಬಹುದು. ಅದು ಬೀಳುವ ಹೊತ್ತಿಗೆ ಯಾರು ಒಳಗೆ, ಯಾರು ಪಾಳಿಯಲ್ಲಿ ಅನ್ನುವುದನ್ನು ನಾವು ಮೊದಲೇ ತೀರ್ಮಾನಿಸಿಟ್ಟಿರುತ್ತೇವೆ. ಆದರೂ ಒಂದು ಮಾತು ಬಿಡುವುದಿಲ್ಲ. ಮ್ಯಾಂಚೆಸ್ಟರಿನದ್ದು ಇದಕ್ಕಿಂತ ಕೆಟ್ಟದ್ದು.

ಕೋಚ್: ಅದನ್ನು ನಾನೂ ಒಪ್ಪುತ್ತೇನೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಲಕ್ರಾಸ್ ಮರಳಿ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಅದನ್ನು ಆಡಿದ್ದು 1904, 1908ರಲ್ಲಿ ಮಾತ್ರ. ಆಟ ಕೊಟ್ಟವರು ತಮ್ಮ ಬಾವುಟ ಹಿಡಿದು ಅಂಗಳಕ್ಕೆ ಇಳಿಯದಿದ್ದರೆ, ಎಷ್ಟು ಬಿಸಿಲಿದ್ದರೂ ಅದನ್ನು ನಡೆದ ಕೂಟ ಅಂತ ನಾನು ಒಪ್ಪುವುದಿಲ್ಲ.

ತೆಪ್ಪದಣ್ಣ: ಮುಂದಿನ ಪಂಚಲಿಂಗಕ್ಕೆ ಏನಾದ್ರೂ ಅಡ್ಡ ಬಂದ್ರೆ, ನಿಲ್ಸೋದಾದ್ರೆ ಬೆಳಿಗ್ಗೇನೆ ಹೇಳ್ಬುಡಿ ಅಂತ ದೊಡ್ಡೋರಿಗೆ ಬರೀರಿ ಮೇಷ್ಟ್ರೇ. ಮಧ್ಯಾಹ್ನ ಹೇಳಿದ್ರೆ ಅಷ್ಟೊತ್ಗೆ ನಾವು ಸಾಲ ಮಾಡಿ ಸಾಮಾನು ತಂದಿರ್ತೀವಿ.