ಬಾಣಂತಿಯ ನೋವಿಗೆ ಸಾಕ್ಷಿ ಯಾರು?

ಹೆರಿಗೆಯಾದ ಸುದ್ದಿ ಬಂದೊಡನೆ ನಾವು ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂಬುದು. ಎರಡನೆಯದು ನಾರ್ಮಲ್ಲೋ ಸಿಜೇರಿಯನ್ನೋ ಎಂಬುದು. ಸಿಜೇರಿಯನ್ ಎಂದು ಗೊತ್ತಾದರೆ ಕೇಳಿದವರ ಮುಖದಲ್ಲಿ ಅರ್ಧ ಕನಿಕರ, ಅರ್ಧ ಆಕ್ಷೇಪ ಮೂಡುತ್ತದೆ. ಹಿಂದಿನವರು ಹೊಲದಲ್ಲೇ ಹೆತ್ತು ಮಗುವನ್ನು ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಬರುತ್ತಿದ್ದರು, ಈಗಿನವರಿಗೆ ನೋವು ತಿನ್ನುವ ತಾಕತ್ತಿಲ್ಲ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಮೂರನೆಯ ದಿನ ಹಾಸಿಗೆಯಿಂದ ಏಳಲಾರದೆ ಬಾಣಂತಿ ನರಳಿದರೆ ಅವಳಿಗೆ ಸಿಗುವುದು ಒಂದೇ ಉಪದೇಶ: ಸ್ವಲ್ಪ ಸಹಿಸಿಕೋ.

ಸಹನೆ ದೊಡ್ಡ ಗುಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ತಗ್ಗಿಸಬಹುದಾದ ನೋವನ್ನು ತಗ್ಗಿಸದೆ, ಸಹಿಸಿಕೋ ಎಂದು ಇನ್ನೊಬ್ಬರಿಗೆ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಇದು ಕೆಲವೇ ಮನೆಗಳ ಪ್ರಶ್ನೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಹೆರಿಗೆಗಳಲ್ಲಿ ಶೇ. 8.5ರಷ್ಟು ಸಿಜೇರಿಯನ್ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 21.5ಕ್ಕೆ ಏರಿತ್ತು. ಕರ್ನಾಟಕದಲ್ಲಂತೂ ಶೇ. 31.5, ಅಂದರೆ ಹತ್ತು ಹೆರಿಗೆಗಳಲ್ಲಿ ಮೂರಕ್ಕೂ ಹೆಚ್ಚು. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ. 14.3 ಇದ್ದರೆ ಖಾಸಗಿಯಲ್ಲಿ ಶೇ. 47.4. ಇಷ್ಟೊಂದು ಶಸ್ತ್ರಚಿಕಿತ್ಸೆ ಅಗತ್ಯವಿತ್ತೇ ಎಂದು ಕೇಳುವುದು ನ್ಯಾಯವೇ. ಆದರೆ ಆ ಪ್ರಶ್ನೆಯನ್ನು ಆಸ್ಪತ್ರೆಗಳಿಗೆ ಕೇಳಬೇಕು, ಸರಕಾರಕ್ಕೆ ಕೇಳಬೇಕು. ಅದರ ದಂಡವನ್ನು ಬಾಣಂತಿ ತೆರಬೇಕಾಗಿಲ್ಲ.

ಸಿಜೇರಿಯನ್ ಎಂದರೆ ಸುಲಭದ ಹೆರಿಗೆ ಎಂಬ ಕಲ್ಪನೆಯೇ ತಪ್ಪು. ಚರ್ಮ, ಅದರ ಕೆಳಗಿನ ಕೊಬ್ಬು, ಹೊಟ್ಟೆಯ ಸ್ನಾಯುಗಳ ಮೇಲಿನ ಗಟ್ಟಿ ಪೊರೆ, ಒಳಗಿನ ಉದರಪೊರೆ, ಕೊನೆಗೆ ಗರ್ಭಕೋಶ - ಇಷ್ಟನ್ನೂ ಕೊಯ್ದು ಮಗುವನ್ನು ಹೊರತೆಗೆಯುತ್ತಾರೆ. ಬೆನ್ನಿಗೆ ಕೊಟ್ಟ ಅರಿವಳಿಕೆಯ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆಮೇಲೆ ಗಾಯದ ನೋವು ಒಂದಾದರೆ, ಗರ್ಭಕೋಶ ಕುಗ್ಗುವ ನೋವು ಇನ್ನೊಂದು. ಮಗುವಿಗೆ ಹಾಲೂಡಿಸುವಾಗಲೇ ಆ ಎರಡನೆಯ ನೋವು ಹೆಚ್ಚುತ್ತದೆ. ಗಂಡಸೊಬ್ಬನಿಗೆ ಹರ್ನಿಯಾ ಆಪರೇಶನ್ ಆದರೆ ಎಳನೀರು ಹಿಡಿದು ನೋಡಲು ಹೋಗುತ್ತೇವೆ, ತಿಂಗಳುಗಟ್ಟಲೆ ಭಾರ ಎತ್ತಬೇಡ ಎನ್ನುತ್ತೇವೆ. ಎರಡು ಮೂರು ಗಂಟೆಗೊಮ್ಮೆ ಎದ್ದು ಇನ್ನೊಂದು ಜೀವವನ್ನು ಸಾಕು ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಬಾಗಲಕೋಟೆ ಜಿಲ್ಲೆಯ, ಕೃಷ್ಣೆಗೆ ಬ್ಯಾರೇಜು ಕಟ್ಟಿರುವ ಹಿಪ್ಪರಗಿಯನ್ನೇ ತೆಗೆದುಕೊಳ್ಳೋಣ. ಸುತ್ತ ಕಬ್ಬಿನ ಹೊಲಗಳು, ಅನತಿ ದೂರದಲ್ಲಿ ರಬಕವಿ-ಬನಹಟ್ಟಿಯ ಮಗ್ಗಗಳು. ಈ ಸೀಮೆಯ ಹೆಣ್ಣುಮಕ್ಕಳು ಹೊಲದಲ್ಲೂ ಮಗ್ಗದ ಮನೆಯಲ್ಲೂ ದುಡಿಯುವವರು. ಆಪರೇಶನ್ ಬೇಕೆಂದರೆ ಜಮಖಂಡಿಯಂತಹ ತಾಲೂಕು ಕೇಂದ್ರಕ್ಕೋ ಬಾಗಲಕೋಟೆಗೋ ಹೋಗಬೇಕು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್, ಔಷಧಿ ಮತ್ತು 7 ದಿನಗಳವರೆಗಿನ ಊಟ ಉಚಿತ. ಮನೆಗೆ ಬಿಡುವ ವಾಹನವೂ ಉಚಿತ. ಇದು ಸಣ್ಣ ಸಾಧನೆಯಲ್ಲ. ಆದರೆ ವಾಹನ ಮನೆಯ ಮುಂದೆ ನಿಂತ ಮೇಲೆ ಏನು? 2017ರ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿದ್ದು ಸಂಘಟಿತ ವಲಯದ ಹೆಣ್ಣಿಗೆ. ಕಬ್ಬಿನ ಹೊಲದ ಕೂಲಿಗೆ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳಿಗೆ ರಜೆ ಕೊಡುವವರು ಯಾರು? ಅವಳ ಪಾಲಿಗೆ ಮನೆಯವರ ತಿಳುವಳಿಕೆಯೇ ಕಾನೂನು. ಆದ್ದರಿಂದಲೇ ಆ ತಿಳುವಳಿಕೆ ಸರಿಯಾಗಿರಬೇಕು.

ಹೆರುವವಳ ನೋವಿಗೆ ಪವಿತ್ರತೆಯ ಲೇಪ ಹಚ್ಚಿ ಅದನ್ನು ಮುಟ್ಟಬಾರದೆಂದವರು ನಮ್ಮಲ್ಲಿ ಮಾತ್ರ ಇರಲಿಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಈಥರನ್ನೂ ಬಳಿಕ ಕ್ಲೋರೋಫಾರ್ಮನ್ನೂ ಬಳಸಿದಾಗ, ಹೆಣ್ಣಿಗೆ ದೇವರೇ ವಿಧಿಸಿದ ನೋವನ್ನು ತಪ್ಪಿಸುವುದು ಪಾಪವಲ್ಲವೇ ಎಂಬ ಆಕ್ಷೇಪ ಬಂತು. ಸಿಂಪ್ಸನ್ ಬೈಬಲಿನ ಆಧಾರದಿಂದಲೇ ಉತ್ತರ ಬರೆದರು. ಆದಮನ ಪಕ್ಕೆಲುಬು ತೆಗೆಯುವ ಮುನ್ನ ದೇವರು ಅವನಿಗೆ ಗಾಢ ನಿದ್ದೆ ಬರಿಸಲಿಲ್ಲವೇ ಎಂಬುದು ಅವರ ಒಂದು ವಾದ. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಗೆ ಕ್ಲೋರೋಫಾರ್ಮ್ ಪಡೆದಳು. ಆ ಬಳಿಕ ಈ ಪದ್ಧತಿಗೆ ಮಾನ್ಯತೆ ಬೆಳೆಯಿತು.

ಕುರ್‌ಆನಿನಲ್ಲಿ ಬರುವ ಮರ್ಯಮರ ಪ್ರಸಂಗವನ್ನು ಬಲ್ಲವರು ಅನೇಕರು. ಪ್ರಸವ ವೇದನೆ ಅವರನ್ನು ಖರ್ಜೂರದ ಮರದ ಬುಡಕ್ಕೆ ತರುತ್ತದೆ. ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಕೂಗುತ್ತಾರೆ. ಆ ಕೂಗಿಗೆ ಬಂದ ಉತ್ತರವನ್ನು ಗಮನಿಸಬೇಕು. ಅಲ್ಲಿ ಗದರಿಕೆಯಿಲ್ಲ, ಇಷ್ಟಕ್ಕೇ ಅಳುವುದೇ ಎಂಬ ಹಂಗಿಸುವಿಕೆಯಿಲ್ಲ. ದುಃಖಿಸಬೇಡ ಎಂಬ ಸಾಂತ್ವನವಿದೆ. ಕಾಲ ಬಳಿ ತೊರೆಯಿದೆ, ಕೈಗೆಟುಕುವ ಹಣ್ಣಿದೆ, ತಿನ್ನು, ಕುಡಿ ಎಂಬ ಮಾತಿದೆ. ನೊಂದವಳಿಗೆ ಮೊದಲು ಸಿಕ್ಕಿದ್ದು ಆರೈಕೆ. ಹೀಗಿರುವಾಗ ಸಬ್ರ್ ಎಂಬ ಪದವನ್ನು ಮಾತ್ರೆ ಕೊಡದಿರಲು ನೆಪವಾಗಿ ಬಳಸುವುದು ಆ ಪದಕ್ಕೇ ಮಾಡುವ ಅನ್ಯಾಯ. ಸಹನೆ ನೊಂದವರು ತಾವಾಗಿ ತಂದುಕೊಳ್ಳುವ ಬಲ. ಪಕ್ಕದಲ್ಲಿ ಕುಳಿತವರು ಅದನ್ನು ಹೇರಿದರೆ ಅದು ಸಹನೆಯಾಗಿ ಉಳಿಯುವುದಿಲ್ಲ.

ಇನ್ನೊಂದು ತೊಡಕಿದೆ. ಅವಳಿಗೆ ನಿಜವಾಗಿ ಎಷ್ಟು ನೋವಿದೆ ಎಂದು ತಿಳಿಯುವುದು ಹೇಗೆ? ಜ್ವರವನ್ನು ಅಳೆಯಬಹುದು, ನೋವನ್ನು ಅಳೆಯುವ ಥರ್ಮಾಮೀಟರ್ ಇಲ್ಲ. ಅನುಭವಿಸದವರಿಗೆ ಪರರ ವೇದನೆ ನಿಲುಕದೆಂಬ ಅರಿವು 12ನೇ ಶತಮಾನದ ಅಕ್ಕಮಹಾದೇವಿಯಿಂದಲೇ ಕನ್ನಡಕ್ಕೆ ಬಂದಿದೆ. ಆದರೆ ಈ ಅರಿವಿನಿಂದ ನಾವು ತೀರ್ಮಾನಿಸಬೇಕಾದದ್ದೇನು? ತಿಳಿಯಲಾಗದು, ಆದ್ದರಿಂದ ನಂಬಬೇಕಾಗಿಲ್ಲ ಎಂದೇ? ಅಲ್ಲ. ಹೊರಗಿನಿಂದ ತಿಳಿಯಲಾಗದು ಎಂದಾದರೆ ಒಳಗಿನವಳ ಮಾತೇ ಏಕೈಕ ಸಾಕ್ಷಿ, ಅದನ್ನು ನಂಬಲೇಬೇಕು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ವೈದ್ಯಗ್ರಂಥದಲ್ಲಿ ನೋವಿನ 15 ಬಗೆಗಳನ್ನು ವಿಂಗಡಿಸಿದ್ದರು. ರೋಗಿಯ ಮಾತಿಗೆ ಕಿವಿಗೊಡದೆ ಅಂಥ ವಿಂಗಡಣೆ ಸಾಧ್ಯವೇ? ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವೂ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂಬ ವ್ಯಕ್ತಿಯ ಮಾತನ್ನು ಗೌರವಿಸಬೇಕೆಂದು ಸೇರಿಸಿತು.

ನಂಬದಿದ್ದರೆ ನಷ್ಟವೇನು? 2008ರಲ್ಲಿ 'ಪೇನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ, ಸುಮಾರು 1,300 ತಾಯಂದಿರ ಅಧ್ಯಯನವೊಂದು ಹೆರಿಗೆಯ ಮರುದಿನಗಳಲ್ಲಿ ತೀವ್ರ ನೋವುಂಡವರಲ್ಲಿ ಎಂಟು ವಾರಗಳ ಬಳಿಕವೂ ನೋವು ಉಳಿಯುವ ಸಂಭವ ಸುಮಾರು ಎರಡೂವರೆ ಪಟ್ಟು, ಖಿನ್ನತೆಯ ಸಂಭವ ಮೂರು ಪಟ್ಟು ಹೆಚ್ಚೆಂದು ಕಂಡಿತು. ಹೆರಿಗೆ ಸಹಜವೋ ಸಿಜೇರಿಯನ್ನೋ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ, ನೋವಿನ ತೀವ್ರತೆ ಮುಖ್ಯವಾಯಿತು. ನೋವಿದ್ದವಳು ಆಳವಾಗಿ ಉಸಿರೆಳೆಯಲಾರಳು, ನಡೆಯಲಾರಳು; ನಡೆಯದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ನೆಮ್ಮದಿಯಿಂದ ಹಾಲೂಡಿಸಲೂ ಆಗದು. ಹೀಗೆ ತಾಯಿಯ ನೋವು ಮಗುವನ್ನೂ ಮುಟ್ಟುತ್ತದೆ.

ಪರಿಹಾರ ದುಬಾರಿಯದ್ದೇನಲ್ಲ. ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ನೋವು ತಾರಕಕ್ಕೇರುವವರೆಗೆ ಕಾಯದೆ ಮೊದಲ ದಿನಗಳಲ್ಲಿ ಗಡಿಯಾರ ನೋಡಿ ಕೊಡಬೇಕು. ಇವು ಹಾಲಿಗೆ ಸೇರುವುದು ಅತ್ಯಲ್ಪ, ಮಗುವಿಗೆ ಕೇಡಿಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ಆಸ್ತಮಾ ಇದ್ದವರು ಐಬುಪ್ರೊಫೆನ್‌ಗೆ ಮುನ್ನ ವೈದ್ಯರಿಗೆ ಹೇಳಬೇಕು. ಕೊಡೀನ್, ಟ್ರಮಡಾಲ್‌ಗಳನ್ನು ಹಾಲೂಡಿಸುವವರಿಗೆ ಕೊಡಬಾರದೆಂದು ಅಮೆರಿಕದ ಔಷಧ ಇಲಾಖೆ 2017ರಲ್ಲಿ ಎಚ್ಚರಿಸಿದೆ; ಆದ್ದರಿಂದ ಅಂಗಡಿಯವರನ್ನು ಕೇಳಿ ಮಾತ್ರೆ ತರುವುದು ಬೇಡ. ಏಳುವಾಗ ಮಗ್ಗುಲಾಗಿ ಕೈಯೂರಿ ಏಳುವುದು, ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳುವುದು, ಮಲಗಿಕೊಂಡೇ ಹಾಲೂಡಿಸುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆಂದು ಬಾಣಂತಿಯ ಬಾಯಿ ಒಣಗಿಸುವ ಪದ್ಧತಿಯನ್ನಂತೂ ಬಿಡಲೇಬೇಕು. ನೀರಿಲ್ಲದೆ ಮಲಬದ್ಧತೆಯಾದರೆ ಮುಕ್ಕುವಾಗ ಅದೇ ಹೊಲಿಗೆ ನೋಯುತ್ತದೆ. ಅಂಟಿನುಂಡಿ, ಅಳವಿ ಪಾಯಸ ಇರಲಿ. ಪಕ್ಕದಲ್ಲಿ ನೀರಿನ ತಂಬಿಗೆಯೂ ಇರಲಿ.

ಎಲ್ಲ ನೋವನ್ನೂ ಅಳಿಸಬಹುದೆಂದು ಯಾರೂ ಹೇಳುತ್ತಿಲ್ಲ. ಕೆಲವು ನೋವು ಎಚ್ಚರಿಕೆಯ ಗಂಟೆಯೂ ಹೌದು. ಜ್ವರ, ಗಾಯದಲ್ಲಿ ಕೀವು, ಹೆಚ್ಚಿದ ರಕ್ತಸ್ರಾವ, ಒಂದೇ ಕಾಲಿನ ಬಾವು, ಎದೆನೋವು, ಕುಳಿತೊಡನೆ ಸಿಡಿಯುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿಯೂ ಅವಳ ಮಾತನ್ನು ನಂಬುವ ಮನೆ ಬೇಗ ಹೊರಡುತ್ತದೆ. ಸಹಿಸಿಕೋ ಎನ್ನುವ ಮನೆ ತಡಮಾಡುತ್ತದೆ.

ಬಾಣಂತನ ಹೆಂಗಸರ ವಿಷಯ ಎಂದು ಗಂಡಸರು ಪಡಸಾಲೆಯಲ್ಲಿ ಕುಳಿತಿರುವ ಕಾಲ ಮುಗಿಯಬೇಕು. ಮಾತ್ರೆಯ ಹೊತ್ತು ನೆನಪಿಡಲು, ನೀರಿನ ಕೊಡ ಹೊರಲು, ರಾತ್ರಿ ಮಗುವನ್ನು ಎತ್ತಿ ತಾಯಿಯ ಮಗ್ಗುಲಿಗೆ ಕೊಡಲು ಗಂಡನಿಗೆ ಯಾವ ಅಡ್ಡಿಯೂ ಇಲ್ಲ. ತಾಯಿಯ ಪಾದದಡಿ ಸ್ವರ್ಗವಿದೆ ಎಂದು ಸಭೆಗಳಲ್ಲಿ ಹೇಳುತ್ತೇವೆ. ಆ ತಾಯಿ ಹೊಲಿಗೆ ಹಿಡಿದುಕೊಂಡು ನೋಯುತ್ತಿದೆ ಎಂದಾಗ, ಎಷ್ಟು ನೋಯುತ್ತಿದೆ ಎಂದು ಕೇಳುವುದೂ ಆ ಗೌರವದ ಭಾಗವೇ.